ಓದುಗರ ಪ್ರಶ್ನೆ: ಪರ್ಸಿ ಮೇಫೀಲ್ಡ್ ಯಾರು?

ಪ್ರಶ್ನೆ: ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳು ‘ಹಿಟ್ ದ ರೋಡ್ ಜ್ಯಾಕ್’ ಹಾಡಿದರು. ನಿರೂಪಕರು ಅದನ್ನು ರೇ ಚಾರ್ಲ್ಸ್ ಅವರ ರಚನೆಯೆಂದು ಪರಿಚಯಿಸಿದಾಗ, ಸಭೆಯಲ್ಲಿದ್ದ ಹಿರಿಯರೊಬ್ಬರು ಅದು ಪರ್ಸಿ ಮೇಫೀಲ್ಡ್ ಎಂಬುವವರದ್ದೆಂದು ಆಕ್ಷೇಪಿಸಿದರು. ಯಾರ ಮಾತು ಸರಿ? ಮೇಫೀಲ್ಡ್ ಅವರೂ ಗಾಯಕರಾಗಿದ್ದರೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಹಿರಿಯರ ಮಾತೇ ಸರಿ. ಅಮೆರಿಕದ ಗಾಯಕ ರೇ ಚಾರ್ಲ್ಸ್ ಹಾಡಿದ ರೆಕಾರ್ಡು 1961ರ ಅಕ್ಟೋಬರಿನಲ್ಲಿ ಅಲ್ಲಿನ ಸಂಗೀತ ಪತ್ರಿಕೆ ‘ಬಿಲ್‌ಬೋರ್ಡ್’ ಪ್ರಕಟಿಸುವ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆದರೆ ಹಾಡನ್ನು ಕಟ್ಟಿದವರು ಮೇಫೀಲ್ಡ್. 1960ರಲ್ಲಿ ಅವರು ವಾದ್ಯಗಳಿಲ್ಲದೆ ಬರಿಯ ಕಂಠದಲ್ಲಿ ಹಾಡಿದ ಒಂದು ಮಾದರಿಯನ್ನು ಮುದ್ರಿಸಿ, ತಮ್ಮ ಹಳೆಯ ರೆಕಾರ್ಡ್ ಕಂಪನಿಯ ಒಡೆಯ ಆರ್ಟ್ ರೂಪ್ ಅವರಿಗೆ ಕಳುಹಿಸಿದ್ದರು. ನಿಮ್ಮ ನಿರೂಪಕರ ಮೇಲೆ ಹೆಚ್ಚು ತಪ್ಪು ಹೊರಿಸಲಾಗದು. ನಮ್ಮಲ್ಲಿ ಮೈಸೂರು ವಾಸುದೇವಾಚಾರ್ಯರ ಕೃತಿಯನ್ನು ಯಾರೇ ಹಾಡಲಿ, ‘ವಾಸುದೇವ’ ಎಂಬ ಅಂಕಿತ ಕೇಳಿದೊಡನೆ ವಾಗ್ಗೇಯಕಾರರು ಯಾರೆಂಬುದು ತಿಳಿದುಬಿಡುತ್ತದೆ. ರೆಕಾರ್ಡಿನ ಹಾಡಿಗೆ ಅಂಕಿತವಿಲ್ಲ. ಬರೆದವರ ಹೆಸರು ರೆಕಾರ್ಡಿನ ನಡುವಣ ಕಾಗದದ ಮೇಲೆ, ಶೀರ್ಷಿಕೆಯ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ರೇಡಿಯೋದಲ್ಲಿ ಕೇಳುವವನಿಗೆ ಅದೂ ಕಾಣುವುದಿಲ್ಲ.

ಮೇಫೀಲ್ಡ್ ಗಾಯಕರಾಗಿದ್ದರೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ತುಸು ದೀರ್ಘವಾದದ್ದು. ಅವರು ಹುಟ್ಟಿದ್ದು 1920ರ ಆಗಸ್ಟ್ 12ರಂದು, ಲೂಸಿಯಾನಾ ರಾಜ್ಯದ ಮಿಂಡನ್ ಎಂಬ ಊರಿನಲ್ಲಿ. ಎಳವೆಯಿಂದಲೇ ಕವಿತೆ ಬರೆಯುವ ಗೀಳಿತ್ತು. 1942ರಲ್ಲಿ ಲಾಸ್ ಏಂಜಲೀಸ್ ಸೇರಿದ ಅವರು ಅಲ್ಲಿ ‘ಸುಪ್ರೀಮ್’ ಎಂಬ ಸಣ್ಣ ಕಂಪನಿಗೆ ತಮ್ಮ ಹಾಡೊಂದನ್ನು ಒಯ್ದದ್ದು, ಬ್ಲೂಸ್ ಗಾಯಕ ಜಿಮ್ಮಿ ವಿದರ್‌ಸ್ಪೂನ್ ಅವರಿಂದ ಹಾಡಿಸಲೆಂದು. ಕಂಪನಿಯವರು ನೀವೇ ಹಾಡಿ ಎಂದರು. ಹೀಗೆ, ಬರಹಗಾರನಾಗಿ ಬಾಗಿಲು ತಟ್ಟಿದವರು ಗಾಯಕನಾಗಿ ಒಳಗೆ ಹೋದರು. 1950ರಲ್ಲಿ ‘ಸ್ಪೆಷಾಲ್ಟಿ’ ಕಂಪನಿಗೆ ಹಾಡಿದ ‘ಪ್ಲೀಸ್ ಸೆಂಡ್ ಮಿ ಸಮ್‌ಒನ್ ಟು ಲವ್’ ರಿದಮ್ ಅಂಡ್ ಬ್ಲೂಸ್, ಅಂದರೆ ಅಮೆರಿಕದ ಕರಿಯರ ಜನಪ್ರಿಯ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಆ ಹಾಡಿನ ನಡೆ ವಿಚಿತ್ರವಾದದ್ದು: ಮೊದಲು ಇಡೀ ಮನುಕುಲಕ್ಕೆ ಶಾಂತಿಯನ್ನೂ ಪರಸ್ಪರ ತಿಳುವಳಿಕೆಯನ್ನೂ ಕೊಡೆಂದು ದೇವರನ್ನು ಬೇಡುವ ಭಕ್ತ, ಅದೇ ಉಸಿರಿನಲ್ಲಿ, ಹೆಚ್ಚೆನಿಸದಿದ್ದರೆ ನನಗೂ ಪ್ರೀತಿಸಲೊಬ್ಬರನ್ನು ಕಳುಹಿಸು ಎಂದು ಸಂಕೋಚದಿಂದ ಸೇರಿಸುತ್ತಾನೆ. ಲೋಕಕ್ಕಾಗಿ ಬೇಡಿದ್ದನ್ನೂ ತನಗಾಗಿ ಬೇಡಿದ್ದನ್ನೂ ಒಂದೇ ಅರ್ಜಿಯಲ್ಲಿ ಬರೆದ ಆ ಜಾಣತನ ಬರಿಯ ಗಾಯಕರಿಗೆ ಒಲಿಯುವಂಥದ್ದಲ್ಲ.

ಮುಂದಿನ ಎರಡು ವರ್ಷ ಅವರ ರೆಕಾರ್ಡುಗಳು ಒಂದರ ಹಿಂದೊಂದು ಗೆದ್ದವು. 1952ರಲ್ಲಿ ಲಾಸ್ ವೇಗಸ್‌ನಿಂದ ಮರಳುವಾಗ ಕಾರು ಅಪಘಾತಕ್ಕೀಡಾಗಿ, ಬದುಕುವುದೇ ಅನುಮಾನವೆನ್ನುವ ಸ್ಥಿತಿಗೆ ಹೋಗಿ ಉಳಿದರು, ಮುಖ ವಿರೂಪಗೊಂಡಿತು. ಮುಖ ಕಾಣದ ರೆಕಾರ್ಡಿನಲ್ಲಿ ಹಾಡಲು ಏನಡ್ಡಿ ಎಂದು ಕೇಳಬಹುದು. ಅಡ್ಡಿಯಿರಲಿಲ್ಲ, ಹಾಡಿದರು ಕೂಡ. ಆದರೆ ಅಂದಿನ ರಿದಮ್ ಅಂಡ್ ಬ್ಲೂಸ್ ಗಾಯಕರ ಊಟದ ದಾರಿ ರೆಕಾರ್ಡಾಗಿರಲಿಲ್ಲ, ಊರೂರು ಸುತ್ತಿ ಕ್ಲಬ್ಬು, ನೃತ್ಯಶಾಲೆ, ರಂಗಮಂದಿರಗಳಲ್ಲಿ ನೀಡುವ ಪ್ರದರ್ಶನವಾಗಿತ್ತು; ರೆಕಾರ್ಡು ಆ ಪ್ರವಾಸಕ್ಕೆ ಜಾಹೀರಾತಿನಂತಿತ್ತು. ಮೃದುವಾದ ಪ್ರೇಮಗೀತೆ ಹಾಡುವ ಸ್ಫುರದ್ರೂಪಿ ಎಂದು ಮೆರೆದವರು ವೇದಿಕೆಯಿಂದ ಬಹುಮಟ್ಟಿಗೆ ಹಿಂದೆ ಸರಿದರು. ಅಪಘಾತದಿಂದ ಅವರ ಬಾಳು ಮುಗಿಯಿತೆಂದು ಬರೆಯುವವರುಂಟು, ನಾನು ಒಪ್ಪುವುದಿಲ್ಲ. ಮೊದಲು ತಟ್ಟಿದ್ದ ಬಾಗಿಲಿಗೇ ಅವರು ಮರಳಿದರು. ರೇ ಚಾರ್ಲ್ಸ್ ಮೇಫೀಲ್ಡ್ ಅವರನ್ನು ತಮಗೆ ಹಾಡು ಬರೆಯುವವರನ್ನಾಗಿ ಇರಿಸಿಕೊಂಡರು, ಮುಂದೆ ತಮ್ಮದೇ ‘ಟ್ಯಾಂಜರೀನ್’ ಕಂಪನಿಯಿಂದ ಅವರ ಸ್ವಂತ ಧ್ವನಿಯ ರೆಕಾರ್ಡುಗಳನ್ನೂ ಹೊರತಂದರು. ‘ಹಿಟ್ ದ ರೋಡ್ ಜ್ಯಾಕ್’ ರೆಕಾರ್ಡಿನ ಹಿಂಬದಿಯಲ್ಲಿದ್ದ ‘ಡೇಂಜರ್ ಝೋನ್’ ಕೂಡ ಮೇಫೀಲ್ಡ್ ಅವರದ್ದೇ. ಮುಂಬದಿಯಲ್ಲಿ ಗಂಡಸನ್ನು ಮನೆಯಿಂದ ಹೊರದಬ್ಬುವ ತಮಾಷೆಯ ಜಗಳ. ಹಿಂಬದಿಯಲ್ಲಿ, ಬರ್ಲಿನ್ ಗೋಡೆ ಎದ್ದ ಅದೇ ವರ್ಷ, ಲೋಕವೆಲ್ಲ ಅಪಾಯದ ಅಂಚಿನಲ್ಲಿದೆಯೆಂಬ ಕಳವಳ. ಅವರು ತೀರಿಕೊಂಡದ್ದು 1984ರ ಆಗಸ್ಟ್ 11ರಂದು, 64 ತುಂಬುವ ಹಿಂದಿನ ದಿನ.

ಪ್ರಶ್ನೆ: ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನ ಕಛೇರಿಗಳನ್ನು ಕೇಳಿ ಬೆಳೆದವಳು ನಾನು. ರಿದಮ್ ಅಂಡ್ ಬ್ಲೂಸ್ ಕೇಳಬೇಕೆಂದರೆ ಎಲ್ಲಿ ಕಿವಿಗೊಡಬೇಕು?
— ಓದುಗರೊಬ್ಬರು, ಒಂಟಿಕೊಪ್ಪಲು, ಮೈಸೂರು

ಉತ್ತರ: ಮೇಲಿನ ‘ಹಿಟ್ ದ ರೋಡ್ ಜ್ಯಾಕ್’ ಹಾಡಿನಿಂದಲೇ ಆರಂಭಿಸಬಹುದು, ಅದು ಸುಮಾರು ಎರಡು ನಿಮಿಷದ್ದು. ಕೆಳಗಿನ ಬಾಸ್ ವಾದ್ಯಕ್ಕೆ ಮಾತ್ರ ಕಿವಿಗೊಡಿ. ತಾರಸ್ಥಾಯಿಯ ಷಡ್ಜ, ಕೈಶಿಕಿ ನಿಷಾದ, ಶುದ್ಧ ಧೈವತ, ಪಂಚಮ: ನಾಲ್ಕೇ ಮೆಟ್ಟಿಲು ಇಳಿದು, ಮತ್ತೆ ಷಡ್ಜಕ್ಕೆ ಹಾರಿ, ಹಾಡು ಮುಗಿಯುವವರೆಗೂ ಅದನ್ನೇ ಮಾಡುತ್ತದೆ. ನಠಭೈರವಿಯ ಅವರೋಹಣದ ಮೇಲರ್ಧ ನಿಮಗೆ ತಟ್ಟನೆ ಗುರುತು ಸಿಗುತ್ತದೆ. ಪಂಚಮದ ಮೇಲೆ ನುಡಿಸುವ ಸ್ವರಮೇಳದಲ್ಲಿ ಕಾಕಲಿ ನಿಷಾದ ಇಣುಕುವುದರಿಂದ ಷಡ್ಜಕ್ಕೆ ಮರಳುವ ಸೆಳೆತ ಹುಟ್ಟುತ್ತದೆ. ಇನ್ನು ಬ್ಲೂಸ್ ಗಾಯಕರ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಜಾರಾಡುತ್ತದೆ; ಪಿಯಾನೋದಲ್ಲಿ ಸಿಗದ ಆ ಜಾಗ ಗಮಕಕ್ಕೆ ಪಳಗಿದ ಕಿವಿಗೆ ಹೊಸದಲ್ಲ. ಬಳಿಕ ಮೇಫೀಲ್ಡ್ ಅವರದ್ದೇ ದನಿಯಲ್ಲಿ ‘ರಿವರ್ಸ್ ಇನ್ವಿಟೇಷನ್’ ಕೇಳಿ. ಪ್ರೇಯಸಿಯನ್ನು ಅರಸುವವನನ್ನು ನದಿ ತನ್ನೊಳಗೆ ಬಾ ಎಂದು ಕರೆಯುವ ಆ ಹಾಡನ್ನು ಅವರು ಎಲ್ಲಿಯೂ ಅಬ್ಬರಿಸದೆ, ಪಕ್ಕದಲ್ಲಿ ಕುಳಿತು ಮಾತಾಡಿದಂತೆ ಹಾಡಿದ್ದಾರೆ. ಆ ಕಾಲದ ಹಲವರು ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿ ಹಾಡುತ್ತಿದ್ದರು, ಬಿಗ್ ಜೋ ಟರ್ನರ್ ಅವರಂತೆ.

‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರಿನ ಕುರಿತು ಇಷ್ಟು ಸಾಕು: ಕರಿಯರ ಸಂಗೀತದ ರೆಕಾರ್ಡುಗಳನ್ನು ಜನಾಂಗದ ಹೆಸರಿನಲ್ಲಿ ಬೇರೆಯಾಗಿ ಪಟ್ಟಿ ಮಾಡುತ್ತಿದ್ದ ‘ಬಿಲ್‌ಬೋರ್ಡ್’, 1949ರಲ್ಲಿ ತನ್ನ ವರದಿಗಾರ ಜೆರ್ರಿ ವೆಕ್ಸ್‌ಲರ್ ಅವರ ಸಲಹೆಯಂತೆ ಆ ಪಟ್ಟಿಗೆ ಈ ಹೊಸ ಹೆಸರಿಟ್ಟಿತು.

ಪ್ರಶ್ನೆ: ಚಿತ್ರಗೀತೆ ಬರೆಯುವ ಆಸೆಯಿದೆ. ಹಾಡು ಬೇರೆಯವರ ದನಿಯಲ್ಲಿ ಗೆದ್ದರೆ ಬರೆದವನಿಗೆ ಏನು ದಕ್ಕುತ್ತದೆ?
— ಓದುಗರೊಬ್ಬರು, ಮದ್ದೂರು

ಉತ್ತರ: ಅಮೆರಿಕದ ರೇಡಿಯೋ ಕೇಂದ್ರಗಳು ರೆಕಾರ್ಡು ಹಾಕಿದಾಗ ಸಂಭಾವನೆ ಸಲ್ಲುವುದು ಬರೆದವರಿಗೂ ಪ್ರಕಾಶಕರಿಗೂ, ಹಾಡಿದವರಿಗೆ ಇಲ್ಲ. ಮೇಫೀಲ್ಡ್ ಹಾಡುಗಳನ್ನು ಡೈನಾ ವಾಷಿಂಗ್ಟನ್, ಬಿ. ಬಿ. ಕಿಂಗ್ ಮೊದಲಾದವರೂ ಹಾಡಿದ್ದಾರೆ. ಈ ಸಂಭಾವನೆಯ ಕಾರಣಕ್ಕೇ ಬರೆದವರ ಹೆಸರಿನ ಜಾಗದ ಮೇಲೆ ಕಳ್ಳರ ಕಣ್ಣಿತ್ತು: ಲಾಸ್ ಏಂಜಲೀಸ್‌ನ ‘ಮಾಡರ್ನ್’ ಕಂಪನಿಯ ಒಡೆಯರಾಗಿದ್ದ ಬಿಹಾರಿ ಸೋದರರು (ನಮ್ಮ ಬಿಹಾರಕ್ಕೂ ಅವರಿಗೂ ಸಂಬಂಧವಿಲ್ಲ) ಕಲಾವಿದರ ಹಾಡುಗಳ ಮೇಲೆ ಸಹಲೇಖಕರೆಂದು ತಮ್ಮ ಗುಪ್ತನಾಮಗಳನ್ನು ಸೇರಿಸುತ್ತಿದ್ದರು. ನಮ್ಮಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಧನದಲ್ಲಿ ಗೀತರಚನಕಾರರಿಗೆ ಸಮಪಾಲಿದೆ, ಅದನ್ನು ನಿರ್ಮಾಪಕರಿಗೆ ಬರೆದುಕೊಡಲು ಬರುವುದಿಲ್ಲ. ಮೊದಲ ಹಾಡಿಗೆ ಸಹಿ ಹಾಕುವ ಮುನ್ನ ಒಪ್ಪಂದದಲ್ಲಿ ನಿಮ್ಮ ಹೆಸರಿನ ಕಾಗುಣಿತವನ್ನೂ ಈ ಷರತ್ತನ್ನೂ ನೋಡಿಕೊಳ್ಳಿ. ಆಮೇಲೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯತ್ವಕ್ಕೆ ಅರ್ಜಿ ಹಾಕಿ.