ಘಾಟಿಯಲ್ಲಿ ಪೆಡಲ್ ಕುಸಿದು ಆಮೇಲೆ ತಾನೇ ಸರಿಯಾಯಿತು: ಹಳೆಯ ಎಸ್‌ಯುವಿ ಮಾರಬೇಕೇ, ಬ್ರೇಕ್ ಪೂರ್ತಿ ಬದಲಾಯಿಸಬೇಕೇ?

ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು, ಹೇಗೋ ಬದಿಗೆ ಹಾಕಿ ಅರ್ಧ ಗಂಟೆ ನಿಂತ ಮೇಲೆ ಮೊದಲಿನಂತಾಯಿತು, ಗ್ಯಾರೇಜಿನವರು ದೋಷವೇ ಇಲ್ಲ ಎಂದರು, ಗಾಡಿ ಹಳೆಯದಾದದ್ದರಿಂದಲೇ ಬ್ರೇಕ್ ಹೋಗಿರಬೇಕು, ಮಾರಲೇ ಅಥವಾ ಡಿಸ್ಕ್, ಪ್ಯಾಡ್ ಎಲ್ಲ ಬದಲಾಯಿಸಲೇ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು. ಮಾರುವ ಮಾತು, ಡಿಸ್ಕ್ ಬದಲಾಯಿಸುವ ಮಾತು ಎರಡೂ ಆಮೇಲೆ. ಮೊದಲು ಆ ಗಾಡಿಯನ್ನು ಯಾವ ಘಾಟಿಗೂ ಇಳಿಸಬೇಡಿ. ನಾನು ಇಳಿಸಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಹತ್ತು ವರ್ಷ ದಾಟಿದ ಒಂದು ಐಷಾರಾಮಿ ಎಸ್‌ಯುವಿಯನ್ನು ಬೆಂಗಳೂರಿನವರೊಬ್ಬರಿಂದ ಕೊಂಡಿದ್ದೆ. ಡೀಸೆಲ್, ಆಟೋಮ್ಯಾಟಿಕ್, ಎರಡು ಟನ್ನಿಗೂ ಹೆಚ್ಚು ತೂಕ. ಮಳೆಗಾಲದ ಕೆಸರಿನಲ್ಲಿ ಅಂಥ ಇನ್ನೊಂದು ಗಾಡಿ ಸಿಗುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಒಮ್ಮೆ ಆಗುಂಬೆ ಇಳಿಯುವಾಗ ನಿಮಗಾದದ್ದೇ ನನಗೂ ಆಯಿತು: ಪೆಡಲ್ ಮೆತ್ತಗಾಯಿತು, ಘಾಟಿಯ ಬುಡದ ಸೋಮೇಶ್ವರ ತಲುಪಿ ನಿಂತ ಮೇಲೆ ಗಟ್ಟಿಯಾಯಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು, ಒಂದು ದೋಷದ ಕೋಡೂ ಬರಲಿಲ್ಲ. ಸಮಾಧಾನಕ್ಕೆ ನಾಲ್ಕೂ ಚಕ್ರಗಳಿಗೆ ಹೊಸ ಪ್ಯಾಡ್, ಮುಂದಿನ ಎರಡಕ್ಕೆ ಆ ಪ್ಯಾಡುಗಳು ಒತ್ತಿ ಹಿಡಿಯುವ ಹೊಸ ಡಿಸ್ಕ್ ಹಾಕಿಸಿದೆ. ಬಿಲ್ ನೋಡಿ, ಇಷ್ಟು ಖರ್ಚು ಮಾಡಿದ ಮೇಲೆ ಇನ್ನೇನು ಭಯ ಎಂದುಕೊಂಡೆ.

ಮುಂದಿನ ಸಲ ಅಮ್ಮನಿಗೆ ಕಣ್ಣು ತೋರಿಸಲು ಮಣಿಪಾಲಕ್ಕೆ ಹೊರಟಿದ್ದೆವು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಾಗಿತ್ತು. ಸುಟ್ಟ ವಾಸನೆ ಬರುತ್ತಿತ್ತು, ಹೊಸ ಪ್ಯಾಡಿನದ್ದಿರಬೇಕು ಎಂದು ಸುಮ್ಮನಿದ್ದೆ. ಒಂದು ತಿರುವಿಗೆ ಮುಂಚೆ ಬ್ರೇಕ್ ಒತ್ತಿದರೆ ಕಾಲಿಗೆ ಏನೂ ಎದುರಾಗಲಿಲ್ಲ, ಪಾದ ನೇರವಾಗಿ ಮ್ಯಾಟ್ ಮುಟ್ಟಿತು. ಮತ್ತೆ ಮತ್ತೆ ತುಳಿದೆ. ಸ್ವಲ್ಪ ಹಿಡಿದಂತಾಗಿ ಮತ್ತೆ ಕುಸಿಯಿತು. ಕೆಳಗಿನಿಂದ ಮಿನಿ ಬಸ್ಸೊಂದು ಹಾರ್ನ್ ಮಾಡುತ್ತ ಏರುತ್ತಿತ್ತು. ಗೇರನ್ನು ಮ್ಯಾನ್ಯುಯಲ್‌ಗೆ ತಳ್ಳಿ ಎರಡಕ್ಕೆ ಇಳಿಸಿದೆ, ಎಂಜಿನ್ ಕೂಗಿಕೊಂಡಿತು, ವೇಗ ಸ್ವಲ್ಪ ತಗ್ಗಿತು. ಗುಡ್ಡದ ಬದಿಯ ಚರಂಡಿಗೆ ಎಡ ಚಕ್ರ ಇಳಿಸಿ ಗಾಡಿಯನ್ನು ಮಣ್ಣಿನ ಗೋಡೆಗೆ ಉಜ್ಜಿದೆ. ನಿಂತಿತು. ಅಮ್ಮ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟಿದ್ದರು, ಮಣಿಕಟ್ಟಿನ ಮೂಳೆ ಮುರಿದಿತ್ತು. ಕಣ್ಣಿನ ಬದಲು ಕೈ ತೋರಿಸಿಕೊಂಡು ಬಂದೆವು. ಆ ಕೈಯಲ್ಲಿ ಅವರಿಗೆ ಇಂದಿಗೂ ಬಿಂದಿಗೆ ಎತ್ತಲಾಗುವುದಿಲ್ಲ.

ಚಕ್ರಕ್ಕೆ ಕಲ್ಲು ಕೊಡಲು ಬಂದ ಆ ಬಸ್ಸಿನ ಚಾಲಕರು ಕೇಳಿದ ಮೊದಲ ಪ್ರಶ್ನೆ, "ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?" ಎಂದು. "ಕಡಿಮೆಯಾದಾಗಲೆಲ್ಲ ಹಾಕುತ್ತಲೇ ಇದ್ದೇನೆ" ಎಂದೆ. ನನ್ನ ತಪ್ಪೆಲ್ಲ ಆ ಉತ್ತರದಲ್ಲೇ ಇತ್ತು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚಿನವರು ಇದನ್ನೇ ಮಾಡುತ್ತಾರೆ.

ಪೆಡಲ್ ಒತ್ತಿದ ಬಲವನ್ನು ಚಕ್ರಗಳಿಗೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದರ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದೆ ಎಂದರೆ ಗಾಡಿ ಏನೋ ಹೇಳುತ್ತಿದೆ ಎಂದರ್ಥ. ಪ್ಯಾಡ್ ಸವೆದಂತೆ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಬರುತ್ತದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಇಳಿಯುತ್ತದೆ. ಅದಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಎರಡರಲ್ಲಿ ಯಾವುದು ಎಂದು ನೋಡದೆ ಗೆರೆಯವರೆಗೆ ತುಂಬಿಸಿದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದನ್ನು ನಾವೇ ತಡೆದಂತೆ. ಇದು ಒಂದು. ಇನ್ನೊಂದು ಇದಕ್ಕಿಂತ ಮುಖ್ಯ. ಎಂಜಿನ್ ಆಯಿಲ್ ಸುತ್ತುತ್ತದೆ, ಬ್ರೇಕ್ ಆಯಿಲ್ ಸುತ್ತುವುದಿಲ್ಲ. ಮೇಲಿನ ಡಬ್ಬಿಗೆ ಹೊಸದನ್ನು ಸುರಿದರೆ ಅದು ಮೇಲೆಯೇ ಇರುತ್ತದೆ. ಕೆಳಗೆ ಬಿಸಿ ತಾಗುವ ಕ್ಯಾಲಿಪರಿನ ಒಳಗೆ ವರ್ಷಗಟ್ಟಲೆ ಹಳೆಯದೇ ಕೂತಿರುತ್ತದೆ. ಡಬ್ಬಿಯೊಳಗೆ ಇಣುಕಿದಾಗಲೆಲ್ಲ ನನಗೆ ತಿಳಿ ಹಳದಿ ಬಣ್ಣ ಕಾಣುತ್ತಿತ್ತು. ಆಮೇಲೆ ಮುಂದಿನ ಕ್ಯಾಲಿಪರಿನಿಂದ ಇಳಿಸಿದ್ದು ಕಪ್ಪು ಕಾಫಿ ಬಣ್ಣದಲ್ಲಿತ್ತು.

ಇಷ್ಟು ಸಾಲದು ಎಂಬಂತೆ ನಾನು ಸುರಿಯುತ್ತಿದ್ದ ಹೊಸ ಆಯಿಲ್ ಕೂಡ ಹೊಸದಾಗಿರಲಿಲ್ಲ. ಔಷಧಿ ಹೊಡೆಯುವ ಸಾಮಾನು ಇಡುವ ಕೊಟ್ಟಿಗೆಯಲ್ಲಿ, ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಮತ್ತು ಸುಣ್ಣದ ಪಕ್ಕ, ಒಮ್ಮೆ ತೆರೆದ ತವರದ ಡಬ್ಬಿ ಇಡೀ ಮಳೆಗಾಲ ಕೂತಿತ್ತು. ಅಪಘಾತದ ನಂತರ ಅದನ್ನು ಬಿಚ್ಚಿ ನೋಡಿದರೆ ಮುಚ್ಚಳದ ಒಳಬದಿಯಲ್ಲಿ ತುಕ್ಕಿನ ಉಂಗುರವಿತ್ತು. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದ್ದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. 3.7 ಶೇಕಡಾ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ತೆರೆದ ಡಬ್ಬಿ ಎಷ್ಟು ತೇವ ಕುಡಿದಿರಬಹುದು, ನೀವೇ ಯೋಚಿಸಿ.

ಇನ್ನು ಬಿಸಿಯ ಲೆಕ್ಕ. ಜನ, ಸಾಮಾನು ಸೇರಿ ಎರಡೂವರೆ ಟನ್ ತೂಗುವ ಗಾಡಿ 500 ಮೀಟರ್ ಎತ್ತರದಿಂದ ಇಳಿಯುವಾಗ ಹೊರಬೀಳುವ ಶಕ್ತಿ ಸುಮಾರು 40 ಲೀಟರ್ ತಣ್ಣೀರನ್ನು ಕುದಿಸಲು ಸಾಕು, ಅಂದರೆ ನಮ್ಮ ಬಚ್ಚಲಿನ ಒಂದು ಹಂಡೆ. ಗೇರ್ 'ಡಿ'ಯಲ್ಲೇ ಬಿಟ್ಟು ಬ್ರೇಕಿನಲ್ಲೇ ಇಳಿದರೆ ಅದರಲ್ಲಿ ಬಹುಪಾಲು ಡಿಸ್ಕ್, ಪ್ಯಾಡುಗಳಿಗೇ ಹೋಗುತ್ತದೆ. ಕ್ಯಾಲಿಪರಿನ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ, ಆದ್ದರಿಂದ ಪೆಡಲ್ ನೆಲ ಮುಟ್ಟುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ತಣ್ಣಗಿದ್ದ ಗಾಡಿಯನ್ನು ನೋಡಿ ನಿಮ್ಮ ಗ್ಯಾರೇಜಿನವರು ದೋಷವಿಲ್ಲ ಎಂದದ್ದು ಹೀಗೆ. ಆಯಿಲ್ ಕುದಿದಿದ್ದನ್ನು ಕಂಪ್ಯೂಟರ್ ದಾಖಲಿಸುವುದಿಲ್ಲ.

ಹಾಗಾಗಿ ಗಾಡಿ ಹಳೆಯದಾದದ್ದರಿಂದ ಬ್ರೇಕ್ ಹೋಯಿತು ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಕೊಂಡು ನಾಲ್ಕೇ ವರ್ಷವಾದ ಗಾಡಿಯೂ ಆಯಿಲ್ ಬದಲಾಯಿಸದೆ ಬಿಟ್ಟರೆ ಇದನ್ನೇ ಮಾಡಬಹುದು. ದುಬಾರಿ ಡಿಸ್ಕ್ ಹಾಕಿಸಿ ಒಳಗೆ ಅದೇ ಹಳೆಯ ಆಯಿಲ್ ಬಿಟ್ಟರೆ ಏನಾಗುತ್ತದೆ ಎಂದು ಹೇಳಿದ್ದೇನೆ. ಮೊದಲು ಪೂರ್ತಿ ಆಯಿಲ್ ಬದಲಾಯಿಸಿ. ನಾಲ್ಕೂ ಚಕ್ರಗಳಿಂದ ಹಳೆಯದು ಹೋಗಿ ತಿಳಿಯಾದದ್ದು ಬರುವವರೆಗೆ ಬ್ಲೀಡಿಂಗ್ ಮಾಡಬೇಕು. ಇಂಥ ಅನೇಕ ಗಾಡಿಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಘಟಕದೊಳಗಿನ ಆಯಿಲ್ ಹೊರಬರಲು ಸ್ಕ್ಯಾನರಿನಿಂದ ಅದರ ವಾಲ್ವ್ ತೆರೆಯಬೇಕಾಗುತ್ತದೆ, ಅದನ್ನು ಕೇಳಿ ಮಾಡಿಸಿ. ಪಕ್ಕದಲ್ಲೇ ನಿಂತು, ಸೀಲ್ ಇರುವ ಡಬ್ಬಿಯನ್ನು ನಿಮ್ಮ ಎದುರಿಗೇ ಒಡೆಸಿ. ಡಾಟ್ 5 ಎಂದು ಬರೆದ ಸಿಲಿಕೋನ್ ಆಯಿಲನ್ನು ಇದರೊಂದಿಗೆ ಬೆರೆಸಬಾರದು. ಆಮೇಲೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ. ನಾನು ಈಗ ಪ್ರತಿ ಮಳೆಗಾಲ ಮುಗಿದ ಕೂಡಲೇ ಮಾಡಿಸುತ್ತೇನೆ. ಒಂದು ಪ್ಯಾಡ್ ಸೆಟ್ಟಿನ ಬೆಲೆಯ ಮುಂದೆ ಆಯಿಲಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಆದರೆ ಕಾರಣ ಬೇರೆಯೂ ಇರಬಹುದು, ಅದಕ್ಕೆ ನಿಮ್ಮ ಕಾಲೇ ಸಾಕ್ಷಿ. ಗಾಡಿ ಮನೆ ಮುಂದೆ ನಿಂತಿರುವಾಗ, ಎಂಜಿನ್ ಚಾಲೂ ಇಟ್ಟು ಪೆಡಲನ್ನು ಹದವಾಗಿ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗೆ ಇಳಿಯುತ್ತ ಹೋದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿರಬಹುದು, ಅಥವಾ ಹೊರಗೆ ಸೋರುತ್ತಿರಬಹುದು. ಚಕ್ರದ ಒಳಬದಿ, ಹೋಸ್ ಪೈಪುಗಳ ತುದಿ ಒದ್ದೆಯಿದೆಯೇ ನೋಡಿ. ಹಳೆಯ ಗಾಡಿಯಲ್ಲಿ ವಯಸ್ಸು ಕಾಣಿಸಿಕೊಳ್ಳುವುದು ಈ ರಬ್ಬರುಗಳಲ್ಲಿ.

ಪೆಡಲ್ ಕುಸಿಯುವ ಬದಲು ಕಲ್ಲಿನಂತಾದರೆ ಅದು ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಅಥವಾ ಅದಕ್ಕೆ ನಿರ್ವಾತ ಕೊಡುವ ಪಂಪಿನ ತೊಂದರೆ. ಎಂಜಿನ್ ನಿಲ್ಲಿಸಿ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಕಾಲು ಇಟ್ಟುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇದನ್ನು ಹಗುರವಾಗಿ ನೋಡಬೇಡಿ. 2022ರ ಜೂನ್‌ನಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿ 2004ರಿಂದ 2015ರವರೆಗೆ ತಯಾರಾದ ಎಂಎಲ್, ಜಿಎಲ್, ಆರ್ ಸರಣಿಯ ಹತ್ತಿರಹತ್ತಿರ ಹತ್ತು ಲಕ್ಷ ಗಾಡಿಗಳನ್ನು ಪ್ರಪಂಚದಾದ್ಯಂತ ವಾಪಸು ಕರೆಸಿಕೊಂಡದ್ದು ಬೂಸ್ಟರಿನ ಕವಚ ತೇವದಿಂದ ತುಕ್ಕು ಹಿಡಿಯಬಹುದು ಎಂಬ ಕಾರಣಕ್ಕೆ. ನನ್ನ ಗಾಡಿ ಆ ಕಂಪನಿಯದಲ್ಲ. ನಿಮ್ಮದು ಯಾವುದೆಂದು ನೀವು ಬರೆದಿಲ್ಲ. ಯಾವುದೇ ಆಗಿರಲಿ, ಚಾಸಿ ನಂಬರ್ ಕೊಟ್ಟು ವಾಪಸಾತಿಯ ಪಟ್ಟಿಯಲ್ಲಿ ಇದೆಯೇ ಎಂದು ಕಂಪನಿಯನ್ನೇ ಕೇಳಿ. ಅಂಥ ದುರಸ್ತಿಯನ್ನು ಅವರೇ ಮಾಡಿಕೊಡಬೇಕಾಗುತ್ತದೆ.

ಘಾಟಿ ಇಳಿಯುವ ಬಗೆಯೂ ಬದಲಾಗಬೇಕು. ಇಳಿಜಾರು ಶುರುವಾಗುವ ಮೊದಲೇ ಎರಡನೆಯ ಗೇರಿಗೆ ಬನ್ನಿ, ಎಂಜಿನ್ ಕೂಗಿದರೆ ಕೂಗಲಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಕಾಲು ತೆಗೆಯಿರಿ. ಗಾಡಿಯೊಳಗೆ ಇಳಿಜಾರಿಗೆಂದೇ ಇರುವ ಬಟನನ್ನು (ಹಿಲ್ ಡಿಸೆಂಟ್ ಕಂಟ್ರೋಲ್) ನಂಬಿಕೊಂಡವರನ್ನು ನೋಡಿದ್ದೇನೆ. ಅದು ಬ್ರೇಕುಗಳನ್ನು ತಾನೇ ಒತ್ತಿ ವೇಗ ಹಿಡಿದಿಡುತ್ತದೆ, ಬಿಸಿ ಅದೇ ಜಾಗಕ್ಕೆ ಹೋಗುತ್ತದೆ. ತೋಟದ ಜಾರು ಹಾದಿಗೆ ಅದು ಒಳ್ಳೆಯದು, ಉದ್ದ ಘಾಟಿಗೆ ಅಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಆರಿಸುವುದು ಬೇಡವೇ ಬೇಡ. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಎರಡು ಮೂರು ಸಲ ತುಳಿಯುವಷ್ಟು ಬಲ ಮಾತ್ರ ಉಳಿದಿರುತ್ತದೆ.

ಇಷ್ಟೆಲ್ಲ ಮಾಡಿಸಿದ ಮೇಲೂ ಪೆಡಲ್ ನಂಬಿಕೆ ಕೊಡದಿದ್ದರೆ ಮಾರಿ, ನಾನು ಬೇಡ ಎನ್ನುವುದಿಲ್ಲ. ಆದರೆ ಈಗಿನ ಸ್ಥಿತಿಯಲ್ಲಿ, ಹುಲಿಕಲ್‌ನಲ್ಲಿ ಆದದ್ದನ್ನು ಮುಚ್ಚಿಟ್ಟು ಯಾರಿಗೂ ಮಾರಬೇಡಿ. ಕೊಳ್ಳುವವರೂ ಇದೇ ಸೀಮೆಯವರಾಗಿರುತ್ತಾರೆ, ಅವರ ಮನೆಯ ಹಿರಿಯರನ್ನು ಕೂರಿಸಿಕೊಂಡು ಅದೇ ಘಾಟಿ ಇಳಿಯುತ್ತಾರೆ. ಆಯಿಲ್ ಬದಲಾಯಿಸುವಾಗ ಕ್ಯಾಲಿಪರಿನಿಂದ ಬಂದದ್ದು ಯಾವ ಬಣ್ಣದಲ್ಲಿತ್ತು, ಪೆಡಲ್ ಒತ್ತಿ ಹಿಡಿದಾಗ ಏನಾಯಿತು ಎಂದು ಇಲ್ಲೇ ಬರೆಯಿರಿ. ಮುಂದಿನದ್ದನ್ನು ಅದನ್ನು ನೋಡಿ ಹೇಳುತ್ತೇನೆ.