ಒಬ್ಬರು 'ಓಡಿಹೋಗಿ' ಅಂತಾರೆ, ಇನ್ನೊಬ್ಬರು 'ಹಿಂದೆ ಸರಿಯಬೇಡಿ' ಅಂತಾರೆ: ಯಾರನ್ನು ನಂಬುವುದು?

ಅಮೆರಿಕದಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: ಆತ್ಮರಕ್ಷಣೆಗೆ ಬಂದೂಕು ಬಳಸುವುದರ ಬಗ್ಗೆ ಒಂದು ತರಬೇತಿ ವಿಡಿಯೊ ಅಪಾಯ ಬಂದರೆ ಓಡಿಹೋಗಿ ಅನ್ನುತ್ತದೆ, ಇನ್ನೊಂದು ಹಿಂದೆ ಸರಿಯಬೇಡಿ ಅನ್ನುತ್ತದೆ, ಯಾವುದು ಸರಿ? ನೀವು ನೋಡಿದ ಎರಡು ವಿಡಿಯೊಗಳು ತದ್ವಿರುದ್ಧ ಹೇಳುತ್ತಿರುವುದಕ್ಕೆ ಕಾರಣ ಬಹುಶಃ ರಾಜ್ಯ ಬೇರೆ ಆಗಿರುವುದು. ಫ್ಲಾರಿಡಾದಲ್ಲಿ 2005ರಿಂದ, ನಿಮಗೆ ಇರಲು ಹಕ್ಕಿರುವ ಜಾಗದಲ್ಲಿ ಪ್ರಾಣಕ್ಕೆ ಅಪಾಯ ಬಂದರೆ ಹಿಂದೆ ಸರಿಯಲೇಬೇಕು ಅಂತಿಲ್ಲ. ನ್ಯೂಯಾರ್ಕ್‌ನಲ್ಲಿ ಹಾಗಲ್ಲ, ಮನೆಯ ಹೊರಗೆ ಸುರಕ್ಷಿತವಾಗಿ ಪಾರಾಗಬಹುದು ಅಂತ ಗೊತ್ತಿದ್ದೂ ಗುಂಡು ಹಾರಿಸಿದರೆ ಸಾಮಾನ್ಯವಾಗಿ ಅದು ಆತ್ಮರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿಯಂಥ (ಅಲ್ಲಿ ಕೆಲಸ ಮಾಡಲು ಕೊಡುವ) ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಆದರೆ ವಕೀಲರನ್ನು ಕೇಳದೆ ಸುಮ್ನೆ ಅದನ್ನು ನಂಬಿಕೊಳ್ಳಬೇಡಿ. ಆಮೇಲೆ ನಿಮ್ಮ ರಾಜ್ಯದ ಕಾನೂನು ಓದಿ. ಯಾವ ರಾಜ್ಯ ಅಂತ ನೀವು ಬರೆದಿಲ್ಲ, ಹಾಗಾಗಿ ನಿಮಗೆ ಯಾವ ವಿಡಿಯೊ ಸರಿ ಅಂತ ನಾನು ಹೇಳಲಾರೆ. ಬಂದೂಕು ಜೊತೆಗಿಟ್ಟುಕೊಂಡು ಓಡಾಡಲು ಒಂದು ರಾಜ್ಯ ಕೊಟ್ಟ ಪರ್ಮಿಟ್ ಎಲ್ಲ ಕಡೆ ನಡೆಯುವುದೂ ಇಲ್ಲ.

ಕೊನೆಗೆ, ಆ ಸಲಹೆ ಯಾರಿಗಾಗಿ ಹೇಳಿದ್ದು ಅಂತ ನೋಡಿ. ಪೊಲೀಸರಿಗೆ ಕಲಿಸುವವರು ಆರೋಪಿಯ ಹತ್ತಿರ ಹೋಗುವುದನ್ನು ಕಲಿಸುತ್ತಾರೆ, ಅದು ಅವರ ಕೆಲಸ. ನಿಮ್ಮ ಕೆಲಸ ಅಲ್ಲಿಂದ ಮನೆಯವರ ಜೊತೆ ಹೊರಗೆ ಬರುವುದು, ಅಲ್ವಾ? ತಮ್ಮ ಸಲಹೆ ಯಾರಿಗಾಗಿ ಅನ್ನುವುದಕ್ಕೆ ನಿಮ್ಮ ತರಬೇತುದಾರರು ಉತ್ತರ ಕೊಡದಿದ್ದರೆ ಬೇರೆಯವರನ್ನು ಹುಡುಕಿ.