ಸಾಕಿದ ಇಲಿ ಸೀನುತ್ತಿದ್ದರೆ ಔಷಧಿಗಿಂತ ಮೊದಲು ಗೂಡು ನೋಡಿ

ನೀವು ಬರೆದಿದ್ದರಿಂದ ನನಗೆ ಅರ್ಥವಾಗಿದ್ದಿಷ್ಟು: ಅಂಗಡಿಯಿಂದ ತಂದ ಎರಡು ಬಿಳಿ ಇಲಿ ಮರಿಗಳು, ಆರು ವಾರದವು. ಹಳೇ ಮೀನಿನ ಗಾಜಿನ ತೊಟ್ಟಿಯಲ್ಲಿ ಮರದ ಹೊಟ್ಟು ಹಾಸಿ ಇಟ್ಟಿದ್ದೀರಿ. ಊಟ ಅನ್ನ, ಬ್ರೆಡ್ಡು. ಒಂದು ಮರಿ ಸೀನುತ್ತಿದೆ, ಮೂಗಿನ ಹತ್ತಿರ ರಕ್ತದ ಹಾಗೆ ಕೆಂಪು. ಮೆಡಿಕಲ್‌ನಿಂದ ಆಂಟಿಬಯಾಟಿಕ್ ತರಲೇ ಎಂದು ಕೇಳಿದ್ದೀರಿ. ತರಬೇಡಿ. ಇವತ್ತೇ ತೊಟ್ಟಿ ಬದಲಿಸಿ.

ಆ ಕೆಂಪು ಸಾಮಾನ್ಯವಾಗಿ ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿರುವ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ಬಣ್ಣದ ಸ್ರಾವ ಅದು, ಮೂಗಿನ ಮೂಲಕವೂ ಇಳಿಯುತ್ತದೆ. ಅನುಮಾನವಿದ್ದರೆ ಒದ್ದೆ ಹತ್ತಿಯಲ್ಲಿ ಒರೆಸಿ, ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ಹಿಡಿದು ನೋಡಿ. ಪಾರ್ಫಿರಿನ್ ಆದರೆ ಗುಲಾಬಿಯಾಗಿ ಹೊಳೆಯುತ್ತದೆ, ರಕ್ತ ಹೊಳೆಯುವುದಿಲ್ಲ. ನಿದ್ದೆಯಿಂದ ಎದ್ದಾಗ ಸ್ವಲ್ಪ ಕಂಡರೆ ಚಿಂತೆಯಿಲ್ಲ. ದಿನವಿಡೀ ಹೆಪ್ಪುಗಟ್ಟಿ ನಿಂತರೆ ಪ್ರಾಣಿಗೆ ಕಾಯಿಲೆಯೋ, ಒತ್ತಡವೋ ಇದೆ ಎಂದರ್ಥ. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟ ಇಲಿಯಲ್ಲೇ ಅದು ಹಾಗೆ ಉಳಿಯುವುದು.

ಸೀನಿನ ವಿಷಯ. ಸಾಕಿದ ಇಲಿಗಳಲ್ಲಿ ಹೆಚ್ಚಿನವುಗಳ ಮೈಯಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ತಾಯಿಯಿಂದಲೇ ಬರುತ್ತದೆ, ಪೂರ್ತಿ ಹೋಗುವುದಿಲ್ಲ. ಗಾಳಿ ಚೆನ್ನಾಗಿದ್ದರೆ ಸುಮ್ಮನಿರುತ್ತದೆ, ಕೆಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಳಿ ಕೆಡಿಸುವುದು ಮುಖ್ಯವಾಗಿ ಮೂತ್ರದಿಂದ ಏಳುವ ಅಮೋನಿಯಾ. ಗಾಜಿನ ತೊಟ್ಟಿಯ ನಾಲ್ಕೂ ಕಡೆ ಗೋಡೆ, ಅಮೋನಿಯಾ ತಳದಲ್ಲೇ ನಿಲ್ಲುತ್ತದೆ. ಇಲಿಯ ಮೂಗೂ ಅಲ್ಲೇ ಇರುತ್ತದೆ. ಮೇಲಿಂದ ಮೂಸಿ ‘ವಾಸನೆ ಇಲ್ಲವಲ್ಲ’ ಅನ್ನಬೇಡಿ, ಹಾಸಿನ ಮಟ್ಟಕ್ಕೆ ಮುಖ ತಂದು ಮೂಸಿ. ನಿಮಗೆ ಘಾಟು ತಾಗುವ ಹೊತ್ತಿಗೆ ಅವಕ್ಕೆ ಆಗಲೇ ತೊಂದರೆಯಾಗಿರುತ್ತದೆ.

ಎರಡನೇ ಕಾರಣ ಹೊಟ್ಟು. ಸಾಮಿಲ್‌ನ ಹೊಟ್ಟಿನಲ್ಲಿ ಯಾವ ಮರ ಬೆರೆತಿದೆಯೋ ತಿಳಿಯುವುದಿಲ್ಲ, ನುಣ್ಣನೆ ಧೂಳಂತೂ ಖಂಡಿತ. ಪೈನ್, ಸೀಡರ್ ಹೊಟ್ಟಿನ ಸುಗಂಧವೇ ಉಸಿರಾಟದ ನಾಳಗಳನ್ನು ಕೆರಳಿಸುತ್ತದೆ, ಯಕೃತ್ತಿಗೂ ಒಳ್ಳೆಯದಲ್ಲ. ಕಾಗದದ ಪೆಲೆಟ್, ಅಂದರೆ ಒತ್ತಿ ಮಾಡಿದ ಸಣ್ಣ ಗುಳಿಗೆ (ಬೆಕ್ಕಿನ ಮಲಮೂತ್ರಕ್ಕೆ ಹಾಸುವ ಲಿಟರ್ ಆಗಿ ಸಿಗುವ, ವಾಸನೆ ಬೆರೆಸದ ಕಾಗದದ್ದು ಮಾತ್ರ, ಉಂಡೆ ಕಟ್ಟುವ ಮಣ್ಣಿನ ಲಿಟರ್ ಬೇಡವೇ ಬೇಡ) ಮೂತ್ರದ ಮೂಲೆಗೆ ಹಾಕಿ. ಉಳಿದ ಕಡೆ ಅಚ್ಚಿಲ್ಲದ ಕಾಗದದ ಚೂರು ಅಥವಾ ಹಳೇ ಹತ್ತಿ ಬಟ್ಟೆ ಸಾಕು. ಟರ್ಕಿ ಟವೆಲ್ ಹಾಕಬೇಡಿ: ಅದರ ದಾರದ ಕುಣಿಕೆಗೆ ಉಗುರು ಸಿಕ್ಕಿ, ಎಳೆ ಕಾಲಿಗೆ ಸುತ್ತಿಕೊಂಡು ಬೆರಳು ಹೋದದ್ದುಂಟು. ಹಳೇ ಪಂಚೆ, ಲುಂಗಿ ಒಳ್ಳೆಯದು, ತೂಗು ತೊಟ್ಟಿಲಿಗೂ ಅದೇ ಸಾಕು.

ಗೂಡು ತಂತಿಯದಿರಲಿ. ಎರಡು ಇಲಿಗೆ ಕನಿಷ್ಠ 30 ಇಂಚು ಉದ್ದ, 20 ಇಂಚು ಅಗಲ, 30 ಇಂಚು ಎತ್ತರ. ಸರಳುಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಜಾಗ ಇರಬಾರದು. ತಲೆ ತೂರಿತೆಂದರೆ ಮೈ ತೂರಿದ ಹಾಗೆ. ದೊಡ್ಡ ಪಕ್ಷಿ ಪಂಜರ ನಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಜಿಐ ಮೆಶ್‌ನಿಂದ (ಸತು ಲೇಪಿಸಿದ ತಂತಿ ಬಲೆ) ಮಾಡಿಸಿದರೆ ಅಗ್ಗ, ಆದರೆ ಮೂತ್ರ ಕುಡಿದು ಒಂದು ವರ್ಷದಲ್ಲಿ ತುಕ್ಕು ಹಿಡಿದು ನಾರುತ್ತದೆ. ಪೌಡರ್ ಕೋಟಿಂಗ್ ಮಾಡಿಸಿದ್ದೇ ಲೇಸು. ತಳದಲ್ಲಾಗಲಿ ಅಟ್ಟಣಿಗೆಯಲ್ಲಾಗಲಿ ಬರೀ ತಂತಿ ಬಿಡಬೇಡಿ, ಪಾದದಲ್ಲಿ ಹುಣ್ಣಾಗುತ್ತದೆ. ಪ್ಲಾಸ್ಟಿಕ್ ಹಾಳೆಯೋ ಟೈಲ್ಸೋ ಹಾಸಿ. ಮೇಲಿಂದ ತಳಕ್ಕೆ ನೇರ ಬೀಳದ ಹಾಗೆ ಒಂದೊಂದು ಅಡಿಗೆ ತೊಟ್ಟಿಲು ಅಥವಾ ಹಲಗೆ ಇರಲಿ. ಚಕ್ರ ಇಡುವುದಾದರೆ 12 ಇಂಚು ವ್ಯಾಸದ್ದು, ಸರಳಿಲ್ಲದ ಗಟ್ಟಿ ಮೈಯದು. ಹ್ಯಾಮ್‌ಸ್ಟರ್ ಚಕ್ರದಲ್ಲಿ ಬೆನ್ನು ಬಾಗುತ್ತದೆ. ಬಿಳಿ ಮೈ, ಕೆಂಪು ಕಣ್ಣಿನವಕ್ಕೆ ಬೆಳಕು ಚುಚ್ಚುತ್ತದೆ, ಗೂಡು ಕಿಟಕಿಯ ಬಿಸಿಲಿಗೆ ಬೇಡ.

ಮೂತ್ರದ ಮೂಲೆ ದಿನಾ ತೆಗೆಯಿರಿ, ಹಾಸು ವಾರಕ್ಕೊಮ್ಮೆ ಬದಲಿಸಿ. ಆದರೆ ಮಲಗುವ ಜಾಗದ ಒಂದು ಹಿಡಿ ಹಳೇ ಹಾಸನ್ನು ಉಳಿಸಿ. ಎಲ್ಲಾ ವಾಸನೆ ತೊಳೆದುಹಾಕಿದರೆ ಅವು ಮತ್ತೆ ಗುರುತು ಹಾಕಲು ಇನ್ನೂ ಹೆಚ್ಚು ಮೂತ್ರ ಬಿಡುತ್ತವೆ. ತೊಳೆಯಲು ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಕಟ್ಟಿಕೊಂಡ ಬಿಳಿ ಪದರ ಕರಗುತ್ತದೆ. ಫಿನಾಯಿಲ್ ಮಾತ್ರ ಮುಟ್ಟಬೇಡಿ. ನಮ್ಮ ಮನೆಗಳಲ್ಲಿ ಇದರ ಜೊತೆಗೆ ಊದಿನಕಡ್ಡಿ, ಸಾಂಬ್ರಾಣಿ, ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ನುಸಿಗುಳಿಗೆ, ಮೆಣಸಿನಕಾಯಿ ಒಗ್ಗರಣೆಯ ಘಾಟು ಎಲ್ಲವೂ ಒಂದೇ ಹಾಲ್‌ನಲ್ಲಿ ಸುತ್ತುತ್ತವೆ. ಗೂಡನ್ನು ದೇವರ ಮನೆ, ಅಡುಗೆಮನೆಯಿಂದ ದೂರದ ಕೋಣೆಗೆ ಸರಿಸಿ. ಸೊಳ್ಳೆಗೆ ಪರದೆ ಕಟ್ಟಿ, ಇಲಿಯ ಹಲ್ಲಿಗೆ ಸಿಗದಷ್ಟು ಅಂತರದಲ್ಲಿ.

ಇಷ್ಟು ಮಾಡಿದ ಮೇಲೂ ಹೊಸ ಜಾಗಕ್ಕೆ ಬಂದ ಮರಿ ಒಂದೆರಡು ವಾರ ಸೀನಬಹುದು. ಚುರುಕಾಗಿ ಓಡಾಡಿ ತಿನ್ನುತ್ತಿದ್ದರೆ ಕಾಯಬಹುದು. ದಿನಾ ಅದನ್ನು ಕಿವಿಗೆ ಹತ್ತಿರ ಹಿಡಿದು ಪಕ್ಕೆಯ ಶಬ್ದ ಕೇಳಿ. ಪ್ರತಿ ಉಸಿರಿಗೂ ಟಿಕ್‌ಟಿಕ್ ಅಥವಾ ಗೊರಗೊರ ಬಂದರೆ, ಪಕ್ಕೆ ಒಳಗೆಳೆದು ಉಸಿರಾಡಿದರೆ, ರೋಮ ನಿಮಿರಿ ಕೂಡಿಕೊಂಡು ಕೂತರೆ ಅವತ್ತೇ ವೈದ್ಯರ ಹತ್ತಿರ. ಬಾಯಿ ತೆರೆದು ಉಸಿರಾಡಿದರೆ ಒಂದು ಗಂಟೆಯೂ ಕಾಯಬೇಡಿ, ಇಲಿ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಸಣ್ಣ ಪ್ರಾಣಿ ನೋಡುತ್ತಾರೋ ಎಂದು ಫೋನ್ ಮಾಡಿ ಕೇಳಿ ಹೋಗಿ. ಬೆಂಗಳೂರಿನಲ್ಲಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಿ. ಇವಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ಕೆಲವೊಮ್ಮೆ ಜೊತೆಗೆ ಎನ್ರೋಫ್ಲಾಕ್ಸಸಿನ್ ಬರೆಯುತ್ತಾರೆ. ಪ್ರಮಾಣ ಗ್ರಾಂ ತೂಕದ ಮೇಲೆ ನಿಂತಿದೆ, ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಕೊಟ್ಟರೆ ಒಂದೋ ಕಡಿಮೆ, ಒಂದೋ ವಿಷ. ಕೋರ್ಸ್ ವಾರಗಟ್ಟಲೆ ಇರುತ್ತದೆ, ಸೀನು ನಿಂತಿತೆಂದು ಮೂರನೇ ದಿನ ಬಿಟ್ಟರೆ ಇನ್ನೂ ಜೋರಾಗಿ ಮರಳುತ್ತದೆ. ಡಾಕ್ಸಿಸೈಕ್ಲಿನ್ ಅನ್ನು ಹಾಲು, ಮೊಸರು, ರಾಗಿ ಅಂಬಲಿಯಲ್ಲಿ ಬೆರೆಸಬೇಡಿ: ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ಮೈಗೆ ಸೇರಲು ಬಿಡುವುದಿಲ್ಲ. ಒಂದು ಚೂರು ಬಾಳೆಹಣ್ಣಿನಲ್ಲಿ ಕೊಡಿ. ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ತಂದು ವಾರಕ್ಕೊಮ್ಮೆ ತೂಗಿ ಬರೆದಿಡಿ. ಬೆಳೆದ ಇಲಿ ಹತ್ತನೇ ಒಂದು ಪಾಲು ತೂಕ ಕಳೆದುಕೊಂಡರೆ ಏನೋ ಕೆಟ್ಟಿದೆ. ಈ ವಯಸ್ಸಿನ ಮರಿಯ ತೂಕ ಏರದೆ ನಿಂತರೂ ಹಾಗೇ.

ನೀವು ಕೇಳದ ಒಂದು ವಿಷಯ, ಆದರೆ ಇವತ್ತೇ ನೋಡಬೇಕಾದ್ದು: ಅಂಗಡಿಯವರು ‘ಎರಡೂ ಹೆಣ್ಣು’ ಅಂದಿದ್ದನ್ನು ನಂಬಬೇಡಿ. ಆರು ವಾರಕ್ಕೆ ಗಂಡಿನ ಬೀಜ ಬಾಲದ ಬುಡದಲ್ಲಿ ಸ್ಪಷ್ಟವಾಗಿ ಕಾಣುತ್ತದೆ (ಹೆದರಿದಾಗ, ಚಳಿಯಾದಾಗ ಒಳಗೆಳೆದುಕೊಳ್ಳುತ್ತದೆ, ಬೆಚ್ಚಗಿರುವಾಗ ನೋಡಿ). ಹೆಣ್ಣಿಗೆ ಹೊಟ್ಟೆಯ ಮೇಲೆ ಆರು ಜೊತೆ ಮೊಲೆತೊಟ್ಟು. ಐದನೇ ವಾರದಿಂದಲೇ ಗರ್ಭ ನಿಲ್ಲಬಹುದು, ಸುಮಾರು 22 ದಿನಕ್ಕೆ ಎಂಟು ಹತ್ತು ಮರಿ, ಹೆತ್ತ ದಿನವೇ ಮತ್ತೆ ಗರ್ಭ. ಗಂಡು ಹೆಣ್ಣು ಎಂದಾದರೆ ಈ ರಾತ್ರಿಯೇ ಬೇರೆ ಮಾಡಿ, ಮೂರು ವಾರ ಹೆಣ್ಣಿನ ಹೊಟ್ಟೆ ಗಮನಿಸಿ. ಆಮೇಲೆ ಎರಡಕ್ಕೂ ಅದದೇ ಲಿಂಗದ ಜೊತೆ ಹುಡುಕಬೇಕಾಗುತ್ತದೆ, ಒಂಟಿ ಇಲಿ ಸೊರಗುತ್ತದೆ. ಗಂಡಿಗೆ ಬೀಜ ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿದರೂ ಮೂರು ನಾಲ್ಕು ವಾರ ಬಿಟ್ಟೇ ಹೆಣ್ಣಿನ ಜೊತೆ ಸೇರಿಸಬೇಕು.

ಊಟ: ಅನ್ನ, ಬ್ರೆಡ್ಡಿನಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್ ಇಲ್ಲ, ಒಣ ಬ್ರೆಡ್ಡು ಗಂಟಲಿಗೆ ಕಟ್ಟುತ್ತದೆ ಬೇರೆ, ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಇಲಿಗಳಿಗೆಂದೇ ಮಾಡಿದ ಪೆಲೆಟ್ ಆಹಾರದ ಅರ್ಧಕ್ಕಿಂತ ಹೆಚ್ಚಿರಲಿ. ಉಳಿದದ್ದಕ್ಕೆ ಜೋಳ, ಸಜ್ಜೆ, ಓಟ್ಸ್ ಸೇರಿ 700 ಗ್ರಾಂ, ಹುರಿಗಡಲೆ 200 ಗ್ರಾಂ, ಕುಂಬಳ ಬೀಜ ಮತ್ತು ಅಗಸೆ ಸೇರಿ 100 ಗ್ರಾಂ ಬೆರೆಸಿ ಡಬ್ಬದಲ್ಲಿಡಿ. ದೊಡ್ಡ ಇಲಿಗೆ ದಿನಕ್ಕೆ ಎಲ್ಲಾ ಸೇರಿ 15ರಿಂದ 20 ಗ್ರಾಂ. ಮರಿಗಳಿಗೆ ತಿಂದಷ್ಟು, ಜೊತೆಗೆ ಎರಡು ದಿನಕ್ಕೊಮ್ಮೆ ಬೆಂದ ಮೊಟ್ಟೆಯ ಚೂರು. ಬಟ್ಟಲು ಖಾಲಿಯಾಗದೆ ಮತ್ತೆ ತುಂಬಬೇಡಿ, ಬೀಜ ಆರಿಸಿ ತಿಂದು ಪೆಲೆಟ್ ಬಿಡುವ ಕಳ್ಳ ಬುದ್ಧಿ ಎಲ್ಲಕ್ಕೂ ಇದೆ. ಸೌತೆ, ಕ್ಯಾರೆಟ್, ಕೊತ್ತಂಬರಿ ದಿನಾ ಸ್ವಲ್ಪ. ಹಸಿ ರಾಜ್ಮಾ, ಚಾಕೊಲೇಟ್, ಮೊಳಕೆ ಬಂದ ಆಲೂಗಡ್ಡೆ ಬೇಡ, ಗಂಡಿಗೆ ಕಿತ್ತಳೆ ಸಿಪ್ಪೆ ಬೇಡ. ಕಡಲೆಕಾಯಿ ಬೀಜ ಬೂಷ್ಟು ಹಿಡಿದಿದ್ದರೆ ಒಂದೂ ಕೊಡಬೇಡಿ, ಅದರ ಅಫ್ಲಾಟಾಕ್ಸಿನ್ ಇಲಿಯ ಯಕೃತ್ತಿಗೆ ನೇರ ವಿಷ. ಕಡಿಯಲು ಔಷಧಿ ಹೊಡೆಯದ ಸೀಬೆ ಕಡ್ಡಿ ಕೊಡಿ, ಕಣಗಿಲೆ ಹತ್ತಿರವೂ ಸುಳಿಯಬಾರದು.

ಬೇಸಿಗೆ: 26 ಡಿಗ್ರಿವರೆಗೆ ಆರಾಮ, 30 ದಾಟಿದರೆ ಕಷ್ಟ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಎಸಿ ಅಥವಾ ಕೂಲರ್ ಇಲ್ಲದೆ ಸಾಕುವ ಯೋಚನೆಯೇ ಬೇಡ. ಇಲಿ ಬೆವರುವುದಿಲ್ಲ, ಶಾಖವನ್ನು ಬಾಲದಿಂದ ಬಿಡುತ್ತದೆ. ಹಾಗಾಗಿ ಬರೀ ಫ್ಯಾನ್‌ನಿಂದ ಹೆಚ್ಚು ಲಾಭವಿಲ್ಲ. ಮಲಗಿಸಿಟ್ಟ ಮಣ್ಣಿನ ಮಡಕೆ, ಒದ್ದೆ ಟೈಲ್ಸ್, ಬಟ್ಟೆ ಸುತ್ತಿದ ಐಸ್ ಬಾಟಲಿ ಇಡಿ. ಮೈ ಚಾಚಿ ಬಿದ್ದು ಜೊಲ್ಲು ಸುರಿಸಿದರೆ ಬಾಲ, ಪಾದಕ್ಕೆ ತಣ್ಣೀರು ಹಚ್ಚುತ್ತಾ ವೈದ್ಯರ ಹತ್ತಿರ ಓಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಇನ್ನೊಬ್ಬರು ಮೈಸ್ ಎಂಬ ಪುಟ್ಟ ಜಾತಿಯ ಸಾಕು ಇಲಿಗಳ ಬಗ್ಗೆ ಕೇಳಿದ್ದಾರೆ. ಹೆಚ್ಚಿನದು ಇದೇ, ಆದರೆ ಸರಳಿನ ಅಂತರ ಕಾಲು ಇಂಚು, ಆಹಾರ ದಿನಕ್ಕೆ 3ರಿಂದ 5 ಗ್ರಾಂ, ಹೆಣ್ಣುಗಳು ಗುಂಪಿನಲ್ಲಿ, ಬೆಳೆದ ಗಂಡುಗಳು ಬೇರೆ ಬೇರೆ. ಕೂಡಿಸಿದರೆ ಕಚ್ಚಾಡಿ ಸಾಯುತ್ತವೆ. ಇಲಿ ಮತ್ತು ಮೈಸ್ ಒಂದೇ ಗೂಡಿನಲ್ಲಿ ಎಂದೂ ಬೇಡ, ದೊಡ್ಡದು ಚಿಕ್ಕದನ್ನು ಕೊಲ್ಲುತ್ತದೆ.

ರಾತ್ರಿ ಗೂಡನ್ನು ಬಾಲ್ಕನಿಯಲ್ಲಿ ಬಿಡಬೇಡಿ. ವಾಸನೆಗೆ ಬರುವ ಬೀದಿ ಇಲಿಗಳು ಹೇನು, ನುಸಿ ತರುತ್ತವೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಅವುಗಳ ಮೂತ್ರದಿಂದ ಇಲಿಜ್ವರದ ಭಯವೂ ಇದೆ. ಗೂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮನೆಯಲ್ಲಿ ಇಲಿಪಾಷಾಣದ ಕೇಕ್ ಇಟ್ಟಿದ್ದರೆ ತೆಗೆದುಬಿಡಿ, ಪಕ್ಕದ ಮನೆಯವರು ಇಟ್ಟಿದ್ದಾರೋ ಕೇಳಿ. ತಪ್ಪಿಸಿಕೊಂಡ ಮರಿ ಇಂಥ ಕೇಕ್‌ಗಳಲ್ಲಿರುವ ಬ್ರೋಮಡಿಯೋಲೋನ್ ಎಂಬ ವಿಷ ತಿಂದರೆ ಲಕ್ಷಣ ಕಾಣಲು ಕೆಲವು ದಿನಗಳೇ ಬೇಕಾಗಬಹುದು. ಕಾಣುವವರೆಗೆ ಕಾಯದೆ ಪ್ಯಾಕೆಟ್ ಸಮೇತ ವೈದ್ಯರಿಗೆ ತೋರಿಸಿ ವಿಟಮಿನ್ ಕೆ1 ಶುರು ಮಾಡಿಸಿ.